ಮೆಂಬರ್ ಗೌಡರ ಗೊಂಬೆ

"ತಣ್ಣಗೈತೆ," ಎಂದ ವಹಾಬ್ ಸಾಬ್, ಹಾಲೆಮರದ ತುಂಡನ್ನು ಕೆನ್ನೆಯಿಂದ ತೆಗೆಯದೆಯೇ.

"ಕೊಡಿಲ್ಲಿ." ಪಕ್ಕದ ಮನೆಯ ಮುದುಕ ಪೀರ್ ಸಾಬ್ ಅದನ್ನು ಕಿತ್ತುಕೊಂಡು ತನ್ನ ಬಿಳಿ ಗಡ್ಡದ ಮೇಲುಗಡೆ ಒತ್ತಿಕೊಂಡ. "ಇದು ತಣ್ಣಗಾ? ಈಗತಾನೆ ಕೆರೆಯಿಂದ ಎದ್ದು ಬಂದಂಗೈತಲ್ಲೋ!"

ಅಂದವನೇ ನಾಲಗೆ ಕಚ್ಚಿಕೊಂಡ. ಒಳಗೆ ಅರಗು ಕುಟ್ಟುತ್ತಿದ್ದ ಸದ್ದು ನಿಂತುಹೋಗಿತ್ತು. ಕುಟ್ಟುತ್ತಿದ್ದವಳು ವಹಾಬನ ತಂಗಿ ಹಮೀದಾ. ಅವಳ ಕಿವಿಗೆ ಬೀಳುವ ಹಾಗೆ ಕೆರೆಯ ಮಾತು ಆಡಬಾರದೆಂದು ಆ ಬೀದಿಯಲ್ಲಿ ಯಾರೂ ಯಾರಿಗೂ ಹೇಳಿರಲಿಲ್ಲ, ಆದರೂ ಎಲ್ಲರೂ ನಡೆಸಿಕೊಂಡು ಬಂದಿದ್ದರು. ಸ್ವಲ್ಪ ಹೊತ್ತಿನ ಮೇಲೆ ಕುಟ್ಟುವ ಸದ್ದು ಮತ್ತೆ ಶುರುವಾಯಿತು. ಇಬ್ಬರೂ ಉಸಿರು ಬಿಟ್ಟರು.

ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರು ಮರದ ವಿಷಯದಲ್ಲಿ ಕಣ್ಣನ್ನು ನಂಬುವುದಿಲ್ಲ. ಹಾಲೆಮರ ಹಸಿಯಾಗಿದ್ದರೂ ಬೆಳ್ಳಗೇ ಇರುತ್ತದೆ, ಒಣಗಿದರೂ ಬೆಳ್ಳಗೇ ಇರುತ್ತದೆ. ಹಸಿಯದು ಉಳಿಗೆ ಇನ್ನೂ ಸಲೀಸು, ಬೆಣ್ಣೆಯ ಹಾಗೆ ಬಿಟ್ಟುಕೊಡುತ್ತದೆ. ಅರಗಿನ ಬಣ್ಣವೂ ಅದರ ಮೇಲೆ ಚೆನ್ನಾಗಿಯೇ ಕೂರುತ್ತದೆ. ಮೋಸ ಗೊತ್ತಾಗುವುದು ಆಮೇಲೆ. ಒಳಗಿನ ನೀರು ಆರುತ್ತ ಆರುತ್ತ ಮರ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ, ಒಂದು ದಿನ ಸೀಳುತ್ತದೆ. ಅದಕ್ಕೇ ಉಳಿ ಹಿಡಿಯುವ ಮೊದಲು ಕೆನ್ನೆಗೆ ಇಟ್ಟು ನೋಡುವುದು. ತಣ್ಣಗಿದ್ದರೆ ಅಟ್ಟಕ್ಕೆ ಹಾಕಿ ಇನ್ನೊಂದು ಬೇಸಿಗೆ ಕಾಯಬೇಕು.

ಕಾಯಲು ಪುರುಸೊತ್ತು ಎಲ್ಲಿತ್ತು? ಬೆಳಿಗ್ಗೆ ತಾನೇ ತಿಮ್ಮಯ್ಯ ಜಟಕಾದಲ್ಲಿ ಬಂದು, ತನ್ನ ಅಪ್ಪನ ಫೋಟೋ ಒಂದನ್ನು ಕೈಯಲ್ಲಿಟ್ಟು ಹೋಗಿದ್ದ. ತೀರಿಕೊಂಡ ಹೊಂಬಾಳೇಗೌಡರು ಜರಿಪೇಟ, ಉದ್ದ ಕೋಟು, ಭುಜದ ಮೇಲೆ ಮಡಿಸಿದ ವಲ್ಲಿ ಹಾಕಿಕೊಂಡು, ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಹೊರಟು ನಿಂತ ಫೋಟೋ. ಆ ಸೀಮೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ, ಎಲ್ಲರಿಗೂ ಮೆಂಬರ್ ಗೌಡರು. ಮಗ ತಿಮ್ಮಯ್ಯ ಈ ಸಲ ಅದೇ ಮೆಂಬರಿಕೆಗೆ ನಿಂತಿದ್ದ.

"ನವರಾತ್ರಿಗೆ ನಮ್ಮವ್ವ ಗೊಂಬೆ ಕೂರುಸ್ತಾಳೆ. ನಡುಮಧ್ಯೆ ನಮ್ಮಪ್ಪ ಇರಬೇಕು ಸಾಬ್ರೇ, ಮೊಳದುದ್ದ, ಇದೇ ಪೇಟ, ಇದೇ ಕೋಟು," ಎಂದಿದ್ದ ತಿಮ್ಮಯ್ಯ. "ಓಟಿರೋ ಜನ ಎಲ್ಲಾ ಬತ್ತಾರೆ. ಆಯುಧಪೂಜೆ ದಿವಸ ಅಮಲ್ದಾರ್ರೂ ಬತ್ತಾರೆ."

"ಸತ್ತೋರ್ನ ಗೊಂಬೆ ಸಾಲಲ್ಲಿ ಕೂರುಸ್ತಾರಾ?" ಎಂದು ಪೀರ್ ಸಾಬ್ ಈಗ ಕೇಳಿದ.

"ಓಟು ಬೇಕು ಅಂದ್ರೆ ಕೂರುಸ್ತಾರೆ ಚಾಚಾ," ಎಂದ ಎದುರುಮನೆಯ ಮೆಹಬೂಬ್, ಬುಗುರಿಗಳಿಗೆ ಕೆಂಪು ಹಚ್ಚುತ್ತ. "ಗೌಡ ಬದುಕಿದ್ದಾಗ ಕೆರೆ... ಅದೇ, ಅದರ ಕಂತ್ರಾಟು ಬಾಮೈದಂಗೆ ಕೊಡಿಸ್ದ. ಸತ್ತಮ್ಯಾಲೆ ಮಗಂಗೆ ಓಟು ಕೊಡುಸ್ತಾನೆ. ಮನೆಯೋರಿಗೆ ಮಾತ್ರ ಯಾವತ್ತೂ ಮೋಸ ಮಾಡ್ಲಿಲ್ಲ, ಮಾರಾಯ!"

"ಬಾಯಿ ಮುಚ್ಚಲೇ," ಎಂದ ಪೀರ್ ಸಾಬ್. "ಕಾಡಲ್ಲಿ ಮರ ಕಡ್ಕಳಕ್ಕೆ ಅಪ್ಪಣೆ ತಂದ್ಕೊಟ್ಟೋರು ಯಾರು? ದಿವಾನರ ಮುಂದೆ ಎದ್ದು ನಿಂತು 'ನಮ್ಮೂರ ಗೊಂಬೆಯೋರು' ಅಂದ ಗಂಡಸು ಅವರೊಬ್ರೇ."

"ತಂದವರೂ ಅವರೇ, ಕಳೆದವರೂ ಅವರೇ. ಅದು ಒಡೆದಮ್ಯಾಲೆ ಕಂಬಳಿ ಹೊದ್ಕಂಡು ಮನೇಲಿ ಕೂತ್ಬುಟ್ರು. ಸಭೇಲಿ ಕೇಳೋರಿಲ್ದೆ ಅಪ್ಪಣೆ ಹೋಯ್ತು. ಈಗ ನೋಡು, ಹೆಂಗಸ್ರು ತಲೆ ಮೇಲೆ ಕದ್ದು ತಂದ ಹಸೀ ಸೌದೆ ಕಡೀತಾ ಕುಂತಿದ್ದೀವಿ."

ಇಬ್ಬರು ಹೇಳಿದ್ದೂ ನಿಜವೇ. ವಹಾಬ್ ಯಾವ ಕಡೆಗೂ ತಲೆಯಾಡಿಸಲಿಲ್ಲ. ಅವನು ಕೂತಿದ್ದ ನೆಲವೇ ಗೌಡರದು. ತಮ್ಮ ಮಾವಿನತೋಪಿನ ಅಂಚಿನ ಜಾಗವನ್ನು ಗೌಡರು ಒಂದು ಕಾಲದಲ್ಲಿ "ಕಟ್ಕೊಳ್ರಪ್ಪ" ಎಂದು ಬಾಯಿಮಾತಿನಲ್ಲೇ ಬಿಟ್ಟುಕೊಟ್ಟಿದ್ದರು. ಆ ಮಾತಿನ ಮೇಲೆ ಒಂದು ಬೀದಿಯೇ ಎದ್ದಿತ್ತು. ಇನ್ನು ಒಳಗೆ ಅರಗು ಕುಟ್ಟುತ್ತಿದ್ದ ತಂಗಿ ವಿಧವೆಯಾದದ್ದೂ ಅದೇ ಗೌಡರ ಕಾಲದಲ್ಲಿ. ಅವಳ ಗಂಡ ಬುಡನ್, ಕೈ ಚುರುಕಿನ ಕೆಲಸಗಾರ, ಸಾತನೂರು ಸಂತೆಯಲ್ಲಿ ಗೊಂಬೆ ಮಾರಿಕೊಂಡು ಬರುತ್ತ, ಮಳೆಯೆಂದು ಹೊಸಕೆರೆಯ ಏರಿಯ ಕೆಳಗೆ ರೈತ ದಾಸಪ್ಪನ ಗುಡಿಸಲಿನಲ್ಲಿ ತಂಗಿದ್ದ. ಗೌಡರ ಬಾಮೈದ ಕಟ್ಟಿಸಿದ ತೂಬು ಆವತ್ತೇ ಕಿತ್ತುಹೋಯಿತು. ದಾಸಪ್ಪನ ಗದ್ದೆ ಹೋಯಿತು, ಗುಡಿಸಲು ಹೋಯಿತು. ಬುಡನ್ ಸಿಕ್ಕಿದ್ದು ಮಾರನೆಯ ದಿನ, ಹೊಂಗೆಮರದ ಬುಡದಲ್ಲಿ.

ವಹಾಬ್ ತಣ್ಣನೆಯ ಮರವನ್ನು ತಿರುಗಣಿಗೆ ಸಿಕ್ಕಿಸಿದ.

"ಹಸಿ ಕಣೋ," ಎಂದ ಪೀರ್ ಸಾಬ್.

"ಹಬ್ಬ ಮುಗಿಯೋಗಂಟ ತಡ್ಕಂಡ್ರೆ ಸಾಕು ಚಾಚಾ. ಆಮ್ಯಾಲೆ ಪೆಟ್ಟಿಗೆ ಒಳಗೆ ಏನಾದ್ರೂ ಆಗ್ಲಿ."

ತಿರುಗಣಿಯ ಹುರಿ ಎಳೆಯಲು ಯಾವಾಗಲೂ ಹಮೀದಾ ಬರುತ್ತಿದ್ದಳು. ಅವಳು ಎಳೆದರೆ ಮರ ಒಂದೇ ಸಮನೆ ತಿರುಗುತ್ತಿತ್ತು, ಬುಡನ್ ಇದ್ದಾಗಲೂ ಹಾಗೇ. ಈ ಸಲ ಮಾತ್ರ ವಹಾಬ್ ತನ್ನ ಹೆಂಡತಿ ಮುನವ್ವರಾಳನ್ನು ಕೂರಿಸಿಕೊಂಡ. ಯಾಕೆಂದು ಹಮೀದಾ ಕೇಳಲಿಲ್ಲ. ಬೇಕಾದ ಅರಗು ಕುಟ್ಟಿ, ಕಾಸಿ, ಬಣ್ಣ ಬೆರೆಸಿ, ಕಡ್ಡಿ ಮಾಡಿ ಬಾಗಿಲ ಹೊರಗೆ ಇಟ್ಟು ಒಳಗೆ ಹೋಗುತ್ತಿದ್ದಳು. ಗೌಡರ ಮುಖದ ಬಣ್ಣಕ್ಕೆ ಹಳದಿ ಸ್ವಲ್ಪ ಹೆಚ್ಚು ಬೇಕಿತ್ತು. ಕೇಳುವ ಮೊದಲೇ ಹೆಚ್ಚು ಹಾಕಿ ಇಟ್ಟಿದ್ದಳು.

ಗೊಂಬೆ ಚೆನ್ನಾಗಿ ಬಂತು. ಕೇದಗೆ ಗರಿಯಿಂದ ಉಜ್ಜಿದ ಮೇಲೆ ಮುಖ ಹೊಳೆಯಿತು. ಮೆಹಬೂಬ್ ಕೂಡ ಬುಗುರಿ ಬಿಟ್ಟು ಎದ್ದು ಬಂದು, "ಇನ್ನೇನು ಬಾಯಿ ಬಿಟ್ಟು, ಅರ್ಜಿ ಎಲ್ಲಿ ಅಂತ ಕೇಳ್ತಾರೆ ಕಣಣ್ಣಾ," ಎಂದ.

*

ನವರಾತ್ರಿ ಅರ್ಧ ಕಳೆದಿತ್ತು. ಗೌಡರ ಮನೆಯ ಆಳು ಬಂದು, "ಈಗಿಂದೀಗ ಬರಬೇಕಂತೆ," ಎಂದ. ಯಾಕೆಂದು ಹೇಳಲಿಲ್ಲ. ದಾರಿಯುದ್ದಕ್ಕೂ ಅವನು ವಹಾಬನ ಮುಖ ನೋಡದೆ ಮುಂದೆ ಮುಂದೆ ನಡೆದ. ಆಗಲೇ ವಹಾಬನಿಗೆ ತಿಳಿದುಹೋಯಿತು.

ಗೌಡರ ಮನೆಯ ಎದುರಿನ ಅರಳಿಕಟ್ಟೆಯ ಮೇಲೆ ಜನ ತುಂಬಿತ್ತು. ಈ ಸಲ ತಿಮ್ಮಯ್ಯನಿಗೆ ಎದುರಾಗಿ ನಿಂತಿದ್ದ ದಾಸಪ್ಪ, ಅದೇ ಗದ್ದೆ ಕಳೆದುಕೊಂಡ ದಾಸಪ್ಪ, ನಡುವೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ.

"ಬನ್ನಿ ಬನ್ನಿ ಸಾಬ್ರೇ! ನಾವು ಮನುಷ್ಯರು ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ವಿ. ನೀವು ಮರದ ಕೈಲಿ ಹೇಳಿಸಿಬುಟ್ರಿ!"

"ಕೆರೆ ಏರಿ ಹೆಂಗೆ ಬಿಡ್ತೋ ಹಂಗೇ ಬಿಟ್ಟೈತಂತೆ ಹಣೆ," ಎಂದು ಇನ್ನೊಬ್ಬ ನಕ್ಕ.

"ಥೂ, ನಗಬ್ಯಾಡಿ ಕಣ್ರಲಾ," ಎಂದ ಮೂಲೆಯಲ್ಲಿದ್ದ ಒಬ್ಬ ಮುದುಕ. "ಸಂತೆಗೋಗೋ ಆ ರಸ್ತೆ ಮೇಲೇ ಅಲ್ವಾ ನಿಮ್ಮ ಗಾಡಿಗಳೆಲ್ಲ ಓಡ್ತಿರೋದು? ಮಾಡಿಸಿದ್ಯಾರು, ಗೌಡ್ರೋ ನಿಮ್ಮಪ್ಪನೋ?"

ಒಳಗೆ, ಮೆಟ್ಟಿಲು ಮೆಟ್ಟಿಲಾಗಿ ಹಾಸಿದ ಬಿಳಿಪಂಚೆಯ ಮೇಲೆ ಗೊಂಬೆಗಳು ಕೂತಿದ್ದವು. ರಾಜ ರಾಣಿ, ಆನೆ, ಧಾನ್ಯದ ಶೆಟ್ಟಿ, ಅವನ ಹೆಂಡತಿ. ನಡುಮಧ್ಯೆ ಮೆಂಬರ್ ಗೌಡರು. ಅವರ ಪೇಟಕ್ಕೆ ಯಾರೋ ಒಂದು ಸೇವಂತಿಗೆ ಸಿಕ್ಕಿಸಿ ಕೆಳಗೆ ಇಳಿಬಿಟ್ಟಿದ್ದರು. ಸೀಳು ಹೂವು ಮುಚ್ಚಲಾರದಷ್ಟು ಉದ್ದವಿತ್ತು. ಜರಿಯಂಚಿನಿಂದ ಹೊರಟು ಹಣೆ ಹಾದು, ಬಲಗಣ್ಣಿನ ಪಕ್ಕದಲ್ಲಿ ಇಳಿದು, ಮೀಸೆಯ ಹತ್ತಿರ ನಿಂತಿತ್ತು. ವಹಾಬ್ ಜೇಬಿನಲ್ಲಿದ್ದ ಅರಗಿನ ಚೂರನ್ನು ಬೆರಳಲ್ಲಿ ಹೊರಳಿಸಿದ. ಇದಕ್ಕೆ ಅರಗು ತುಂಬಿದರೆ ನಾಳೆ ಅದರ ಪಕ್ಕದಲ್ಲೇ ಬಿಡುತ್ತದೆ.

"ಬೇಕೂಂತಲೇ ಮಾಡಿದ್ದೀರಾ," ಎಂದ ತಿಮ್ಮಯ್ಯ. ಸಿಟ್ಟಿಗಿಂತ ಹೆಚ್ಚಾಗಿ ಅಳು ಬರುವ ಹಾಗೆ ಕಾಣುತ್ತಿದ್ದ. "ನಿಮ್ಮ ಬಾವನ ಸೇಡು ತೀರಿಸ್ಕಂಡ್ರಿ. ನಮ್ಮಪ್ಪ ಬದುಕಿದ್ದಾಗ ಮುಖ ಎತ್ತಿ ಮಾತಾಡಕ್ಕೆ ಆಗ್ಲಿಲ್ಲ, ಸತ್ತಮೇಲೆ ಮುಖ ಸೀಳಿದ್ರಿ. ಅಲ್ವಾ? ಹೇಳಿ!"

ಅಲ್ಲ ಎನ್ನಬೇಕು. ಅಷ್ಟೇ. ವಹಾಬನ ಬಾಯಿಂದ ಅದು ಬರಲಿಲ್ಲ. ಮರ ತಣ್ಣಗಿತ್ತು, ನನಗೆ ಗೊತ್ತಿತ್ತು, ಆದರೂ ತಿರುಗಣಿಗೆ ಸಿಕ್ಕಿಸಿದ್ದೆ. ಯಾಕೆ? ಹಬ್ಬ ಹತ್ತಿರವಿತ್ತು ಎಂದೇ? ಅದೊಂದೇನಾ? ಅವನು ತನ್ನನ್ನು ಕೇಳಿಕೊಂಡ.

"ಹಸಿಮರ ಬುದ್ದೀ," ಎಂದ ಕೊನೆಗೆ. "ನಂದೇ ತಪ್ಪು. ಒಣಗಿದ್ದು ಸಿಗ್ಲಿಲ್ಲ."

"ಆಯುಧಪೂಜೆಗೆ ಇನ್ನೊಂದು ಬರಬೇಕು. ಒಣಮರದ್ದು." ತಿಮ್ಮಯ್ಯ ಹೊರಗಿನ ಕಟ್ಟೆಯ ಕಡೆ ನೋಡಿ ದನಿ ತಗ್ಗಿಸಿದ. "ನೋಡಿ ಸಾಬ್ರೇ, ನಿಮ್ಮ ಬೀದಿ ನಮ್ಮಪ್ಪನ ಬಾಯಿಮಾತಲ್ಲಿ ನಿಂತೈತೆ. ನಾನೂ ಅದನ್ನ ಬಾಯಲ್ಲೇ ಇಟ್ಕಂಡಿದ್ದೀನಿ. ನಮ್ಮಪ್ಪನ ಹೆಸರು ನಿಲ್ಲದಿದ್ರೆ ಮಾತು ಯಾಕೆ ನಿಲ್ಲಬೇಕು, ನೀವೇ ಹೇಳಿ."

ಅವನು ಹೊರಟುಹೋದ ಮೇಲೆ ಕಂಬದ ಹಿಂದೆ ನಿಂತಿದ್ದ ಗೌಡರ ಹೆಂಡತಿ ಗಂಗಲಕ್ಷ್ಮಮ್ಮನವರು ಮುಂದೆ ಬಂದರು. ಬರಿಹಣೆ, ಬರಿಗೈ. ಗೊಂಬೆಗಳಿಗೆ ತಾವು ಆರತಿ ಎತ್ತುವ ಹಾಗಿರಲಿಲ್ಲವಾಗಿ, ನೆಂಟರ ಹೆಣ್ಣುಮಗಳೊಬ್ಬಳ ಕೈಯಲ್ಲಿ ಎತ್ತಿಸಿ ದೂರ ನಿಂತು ನೋಡುತ್ತಿದ್ದರು.

"ಅವನ ಮಾತು ಮನಸ್ಸಿಗೆ ಹಾಕ್ಕೋಬ್ಯಾಡಿ," ಎಂದರು. ಆದರೆ ಮಗ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಕಂತ್ರಾಟು ತಗಂಡೋನು ನನ್ನ ತಮ್ಮ. ಅವನು ಮದ್ರಾಸ್ ಕಡೆ ಹೋಗಿ ಸುಖವಾಗವ್ನೆ. ಅವನ ಹೆಸರು ಯಾರೂ ಎತ್ತಲ್ಲ ಸಾಬ್ರೇ. ಇವರ ಹೆಸರೇ ಎತ್ತೋದು. ಕಟ್ಟೆ ಮೇಲೆ ದಿನಾ ಎತ್ತುತಾರೆ, ನಾನು ಇಲ್ಲಿಂದ ಕೇಳುಸ್ಕತೀನಿ."

"ಅಮ್ಮಾವ್ರೇ..."

"ಕೆರೆ ಹೋದಾಗಿಂದ ಇವರು ಪೇಟ ಮುಟ್ಲಿಲ್ಲ. ಸಾಯೋಗಂಟ್ಲೂ. ಹೊರಗೆ ಹೋದ್ರೆ ಬರೀ ತಲೇಲೇ ಹೋಗೋರು. ನನ್ನ ಮಗಂಗೆ ಅಂದೆ, ಪೇಟ ಬ್ಯಾಡ ಕಣಪ್ಪ, ನಿಮ್ಮಪ್ಪ ಕಡೇಲಿ ಹೆಂಗಿದ್ರೋ ಹಂಗೇ ಮಾಡ್ಸು ಅಂತ. ಬರೀ ತಲೆಯೋರಿಗೆ ಓಟು ಹಾಕೋರ್ಯಾರವ್ವ ಅಂದ." ಅವರು ಸೇವಂತಿಗೆಯನ್ನು ಸ್ವಲ್ಪ ಸರಿಸಿದರು, ಸೀಳು ಇನ್ನಷ್ಟು ಕಂಡಿತು, ಮತ್ತೆ ಮೊದಲಿದ್ದಲ್ಲಿಗೇ ತಂದರು. "ನಿಜವಾಗ್ಲೂ ಒಣಮರ ಇಲ್ವಾ ನಿಮ್ಮ ಹತ್ರ?"

"ಇಲ್ಲ ಅಮ್ಮಾವ್ರೇ. ಇಡೀ ಬೀದೀಲೇ ಇಲ್ಲ," ಎಂದ ವಹಾಬ್.

ಸುಳ್ಳು. ಹೇಳುವಾಗಲೇ ತನ್ನ ಮನೆಯ ಅಟ್ಟ ಅವನ ಕಣ್ಣಿಗೆ ಕಟ್ಟಿತು. ಗೋಣಿ ಸುತ್ತಿ ಸೂರಿನ ಕೆಳಗೆ ಇಟ್ಟಿದ್ದ ಒಂದು ತುಂಡು. ಅಪ್ಪಣೆಯ ಕಾಲದಲ್ಲಿ ಬುಡನ್ ತಾನೇ ಕಾಡಿಗೆ ಹೋಗಿ, ಗಂಟಿಲ್ಲದ ಮರ ಹುಡುಕಿ ಕಡಿದು ತಂದದ್ದು. ಹಮೀದಾ ಆಗ ಬಸುರಿ. ಮಗುವಿನ ತೊಟ್ಟಿಲಿಗೆ ಗಿಲಕಿ, ಗಿಣಿ, ನಡೆಯುವಾಗ ಹಿಡಿದುಕೊಳ್ಳಲು ಗಾಡಿ, ಎಲ್ಲ ಇದರಲ್ಲೇ ಎಂದಿದ್ದ. ಬುಡನ್ ಹೋದ ವಾರದಲ್ಲೇ ಆ ಬಸಿರೂ ನಿಲ್ಲಲಿಲ್ಲ. ಮರವನ್ನು ಅಟ್ಟದಿಂದ ಯಾರೂ ಇಳಿಸಲಿಲ್ಲ.

*

ಗೌಡರ ಮನೆಯ ಆಳಿನ ಬಾಯಿಂದ ಸುದ್ದಿ ಅವನಿಗಿಂತ ಮೊದಲೇ ಬೀದಿಗೆ ಬಂದಿತ್ತು. ಮನೆಯ ಮುಂದೆ ಎಲ್ಲರೂ ಸೇರಿದ್ದರು. ತಮಾಷೆ ನೋಡಿ, ಅಂದು ಸಂಜೆ ಮೆಂಬರ್ ಗೌಡರಷ್ಟು ದೊಡ್ಡ ಮನುಷ್ಯ ಆ ಸೀಮೆಯಲ್ಲೇ ಹುಟ್ಟಿರಲಿಲ್ಲ.

"ಯಾರಿಗೆ ಯಾರು ಜಾಗ ಬುಟ್ಕೊಡ್ತಾರೆ ಈ ಕಾಲ್ದಲ್ಲಿ?" ಎನ್ನುತ್ತಿದ್ದ ಮೆಹಬೂಬ್, ಬುಗುರಿಯನ್ನೇ ಎತ್ತಿ ಆಣೆ ಮಾಡುವವನ ಹಾಗೆ. "ದೊಡ್ಡ ಮನಸ್ಸು ಕಣಣ್ಣ ಅವರದ್ದು. ಬಾಮೈದ ಕೆಟ್ಟೋನಾದ್ರೆ ಅವರೇನ್ ಮಾಡಾರು?"

"ಮೊನ್ನೆ ಬೇರೆ ಏನೋ ಅಂತಿದ್ದೆ," ಎಂದ ಪೀರ್ ಸಾಬ್.

"ಮೊನ್ನೆ ಮನೆ ಇತ್ತಲ್ಲ ಚಾಚಾ."

ಯಾರೋ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಪೀರ್ ಸಾಬ್ ವಹಾಬನ ಭುಜದ ಮೇಲೆ ಕೈಯಿಟ್ಟ. "ಕ್ಲೋಸ್‌ಪೇಟೆ ಕಡೆ ಹೋಗಿ ಕೇಳೋಣ್ವಾ? ಮಾಗಡಿ ಕಡೆ? ಯಾರ ಅಟ್ಟದಲ್ಲಾದ್ರೂ ಇರ್ಬೋದು."

"ಇರ್ಬೋದು," ಎಂದ ವಹಾಬ್.

ಮುನವ್ವರಾ ಬಾಗಿಲಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದಳು. ಅವಳಿಗೂ ಅಟ್ಟ ಗೊತ್ತು. ಅವಳೂ ಹೇಳಲಿಲ್ಲ. ಮಕ್ಕಳನ್ನು ಒಳಗೆ ಕರೆದುಕೊಂಡಳು, ಅಷ್ಟೆ.

ಮಾತು ಮತ್ತೆ ಗೌಡರ ಮೇಲೆ ತಿರುಗಿತು. ಕಂತ್ರಾಟಿನ ದುಡ್ಡು ತಿಂದಿದ್ದರೇ? ತಿಂದಿದ್ದರೆ ಮನೆ ಮೇಲೆ ಹೆಂಚಾದರೂ ಹೊಸದಾಗಿ ಬರುತ್ತಿರಲಿಲ್ಲವೇ? ತಿನ್ನದಿದ್ದರೂ, ತಿನ್ನುವವನನ್ನು ಕಂಡೂ ಸುಮ್ಮನಿದ್ದರಲ್ಲ? ಸುಮ್ಮನಿದ್ದವರಿಗೆ ಪಾಪ ಎಷ್ಟು, ತಿಂದವನಿಗೆ ಎಷ್ಟು? ಅವರವರ ಲೆಕ್ಕ ಅವರವರು ಹೇಳಿದರು. ಎಲ್ಲರ ಲೆಕ್ಕವೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ತಮ್ಮ ತಮ್ಮ ಹೊಸ್ತಿಲ ಹತ್ತಿರ.

ಹಮೀದಾ ಹೊರಗೆ ಬಂದಳು. ಕೈಯ ಅರಗಿನ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು.

"ಬುಡನ್ ಹೋದ ಮಾರನೇ ವಾರ ಅವರು ಇಲ್ಲಿಗೆ ಬಂದಿದ್ರು," ಎಂದಳು, ಯಾರ ಮುಖವನ್ನೂ ನೋಡದೆ. "ಈ ಬಾಗಿಲಲ್ಲೇ ನಿಂತಿದ್ರು. ಭಾಯಿ ಒಳಗೆ ಕರೆದ್ರು, ಬರ್ಲಿಲ್ಲ. ನಾನು ಹೊರಗೆ ಹೋಗ್ಲಿಲ್ಲ. ಕದದ ಸಂದೀಲಿ ನೋಡ್ದೆ. ಏನಾದ್ರೂ ಹೇಳ್ತಾರೇನೋ ಅಂತ ಕಾದೆ. ಏನೂ ಹೇಳ್ಲಿಲ್ಲ. ಬಿಸಿಲಲ್ಲಿ ಹಂಗೇ ನಿಂತಿದ್ದು, ಹೊರಟೋದ್ರು. ಆಮ್ಯಾಲೆ ಒಂದು ಮೂಟೆ ರಾಗಿ ಕಳಿಸಿದ್ರು. ದರ್ಗಾದಲ್ಲಿ ಇಳಿಸಿ ಅಂದೆ."

ಪೀರ್ ಸಾಬ್ ವಹಾಬನ ಭುಜದ ಮೇಲಿನ ಕೈ ತೆಗೆದ.

"ಅವರು ಒಳ್ಳೆಯೋರೋ ಕೆಟ್ಟೋರೋ ನೀವೇ ಕೂತ್ಕಂಡು ತೀರ್ಮಾನ ಮಾಡ್ಕಳಿ. ನಂಗೆ ಅದು ಇನ್ನೂ ಗೊತ್ತಾಗಿಲ್ಲ," ಎಂದಳು ಹಮೀದಾ. ಆಮೇಲೆ ಅಣ್ಣನ ಕಡೆ ತಿರುಗಿದಳು. "ಮರ ಇಲ್ಲ ಅಂತ ಹೇಳ್ಬಂದ್ರಂತೆ."

"ಇಲ್ಲ ಅಂತಲೇ ಹೇಳ್ದೆ."

"ಇರೋದನ್ನ ಇಲ್ಲ ಅಂದ್ರೆ ಇಷ್ಟು ಮನೆ ಮಕ್ಕಳನ್ನ ಎಲ್ಲಿಗೆ ಕಳಿಸ್ತೀರಾ ಭಾಯಿ?"

"ಹಮೀದಾ, ಅದು ನಿಂದು. ನೀನು ಬ್ಯಾಡ ಅನ್ನು. ಬ್ಯಾಡ ಅಂದ್ರೆ ನಾನು ಮುಟ್ಟಲ್ಲ, ಏನಾದ್ರೂ ಆಗ್ಲಿ."

ಬೀದಿಯವರೆಲ್ಲ ನೆಲ ನೋಡುತ್ತ ನಿಂತಿದ್ದರು. ಮೆಹಬೂಬನ ಕೊನೆಯ ಮಗು ಅವನ ಕಾಲಿಗೆ ಸುತ್ತಿಕೊಂಡು, ಹಸಿವು ಹಸಿವು ಎಂದು ರಾಗ ಎಳೆಯುತ್ತಿತ್ತು. ಅವನು ಅದರ ಬಾಯಿಗೆ ಕೈ ಅಡ್ಡ ಹಿಡಿದ.

ಹಮೀದಾ ಆ ಮಗುವನ್ನು ಒಂದು ಗಳಿಗೆ ನೋಡಿದಳು. "ಬ್ಯಾಡ ಅನ್ನಕ್ಕೆ ನೀವು ಜಾಗ ಎಲ್ಲಿ ಇಟ್ಟಿದ್ದೀರಾ?" ಎಂದಳು, ದನಿ ಏರಿಸದೆ. ಒಳಗೆ ಹೋದಳು. ಅಟ್ಟಕ್ಕೆ ಏಣಿ ಒರಗಿಸಿದ ಸದ್ದು ಕೇಳಿಸಿತು.

*

ಬೆಳಿಗ್ಗೆ ವಹಾಬ್ ತಿರುಗಣಿಯ ಮುಂದೆ ಕೂತಾಗ ಗೋಣಿ ಬಿಚ್ಚಿದ ತುಂಡು ಹಮೀದಾಳ ತೊಡೆಯ ಮೇಲಿತ್ತು. ಕೊಡು ಎಂದು ಅವನು ಕೈ ಚಾಚಿದ. ಅವಳು ಕೊಡಲಿಲ್ಲ. ಎತ್ತಿ ತನ್ನ ಕೆನ್ನೆಗೆ ಇಟ್ಟುಕೊಂಡಳು. ಕಣ್ಣು ಮುಚ್ಚಿಕೊಳ್ಳಲಿಲ್ಲ, ಏನೂ ಇಲ್ಲ. ಕೆಲಸದವರು ಯಾರಾದರೂ ನೋಡುವ ಹಾಗೇ ನೋಡಿದಳು, ಸ್ವಲ್ಪ ಹೆಚ್ಚು ಹೊತ್ತು.

"ಒಣಗೈತೆ," ಎಂದು ಕೊಟ್ಟಳು.

ಮುನವ್ವರಾ ಹುರಿ ಹಿಡಿಯಲು ಬಂದಳು. ಹಮೀದಾ ತಲೆಯಾಡಿಸಿ, ಹುರಿಯ ಎರಡು ತುದಿಯನ್ನೂ ತಾನೇ ಕೈಗೆ ಸುತ್ತಿಕೊಂಡಳು. ಎಳೆದಳು. ಒಂದೇ ಸಮನೆ. ಮರ ಗುಂಯ್ ಎಂದಿತು. ಉಳಿ ತಗುಲಿದ ಕೂಡಲೇ ಒಣಮರದ ಮೊದಲ ಎಳೆ ಸುರುಳಿ ಸುತ್ತಿಕೊಂಡು ಹಾರಿತು.

ಮೊದಲು ಕೋಟು ಬಂತು, ಆಮೇಲೆ ಭುಜ, ಕುತ್ತಿಗೆ. ಗಲ್ಲದ ಹತ್ತಿರ ಬಂದಾಗ ವಹಾಬ್ ಉಳಿ ಎತ್ತಿದ. ಫೋಟೋ ಗೋಡೆಗೆ ಒರಗಿತ್ತು. ಅವನು ಅದನ್ನು ನೋಡಲಿಲ್ಲ.

"ಆವತ್ತು ಬಾಗಿಲಲ್ಲಿ..." ಎಂದ. "ಮುಖ ಹೆಂಗಿತ್ತು?"

ಹಮೀದಾ ಎಳೆಯುವುದನ್ನು ನಿಲ್ಲಿಸಲಿಲ್ಲ. "ಪೇಟ ಇರ್ಲಿಲ್ಲ," ಎಂದಳು.

"ಪೇಟ ಇಲ್ದೆ ಮಾಡಂಗಿಲ್ಲ."

"ಗೊತ್ತು."

ಹೊರಗೆ ಮೆಹಬೂಬ್ ಯಾರಿಗೋ ದೊಡ್ಡ ದನಿಯಲ್ಲಿ, ಈ ಸಲ ತಿಮ್ಮಯ್ಯನೋರೇ ಗೆಲ್ಲೋದು, ಮತ್ತೆ ಅಪ್ಪಣೆ ಬತ್ತದೆ ನೋಡ್ತಿರು, ಎಂದು ಹೇಳುತ್ತಿದ್ದ. ವಹಾಬ್ ಬಗ್ಗಿ, ಹಣೆಯ ಮೇಲುಗಡೆ ಉಳಿಯನ್ನು ಓರೆ ಮಾಡಿ ಪೇಟದ ಮೊದಲ ಸುತ್ತು ಕಡೆದ. ಎರಡನೆಯ ಸುತ್ತು. ಮರ ಎಲ್ಲೂ ಸಿಡಿಯಲಿಲ್ಲ. ಬುಡನ್ ಹುಡುಕಿ ತಂದ ಹಾಗೇ, ಅದರಲ್ಲಿ ಒಂದು ಗಂಟೂ ಇರಲಿಲ್ಲ.

ಹೆರೆದ ಎಳೆಗಳು ಹಾರಿ ಹಾರಿ ಹಮೀದಾಳ ಮಡಿಲಿಗೆ ಬಿದ್ದವು. ತಿರುಗಣಿಯ ಮುಂದೆ ಬೀಳುವುದನ್ನೆಲ್ಲ ಸಂಜೆ ಗುಡಿಸಿ ಒಲೆಗೆ ಹಾಕುವುದು ಅವಳದೇ ಕೆಲಸ. ಪೇಟ ಮುಗಿದು ಅಣ್ಣ ಉಳಿ ಕೆಳಗಿಟ್ಟಾಗ ಅವಳು ಹುರಿ ಬಿಟ್ಟಳು. ಮಡಿಲಿನ ಬಿಳಿ ಸುರುಳಿಗಳನ್ನು ಒಂದೂ ಮುರಿಯದ ಹಾಗೆ ಸೆರಗಿನ ತುದಿಗೆ ತುಂಬಿ, ಗಂಟು ಹಾಕಿಕೊಂಡು, ಒಲೆಯ ಪಕ್ಕದಿಂದ ಹಾದು, ಅಟ್ಟದ ಏಣಿಯ ಕಡೆಗೆ ನಡೆದಳು.